ಮಳೆ ಒಂದೇ, ಕಾಡು ಬೇರೆ: ಕುಷ್ಟಗಿಯ ಮಡ್ಡಿಯಲ್ಲಿ ಸೈಬೀರಿಯಾದ ಮರ ಬೆಳೆಯುತ್ತದೆಯೇ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ರೈತ. ಊರಾಚೆ ನಾಲ್ಕು ಎಕರೆ ಮಡ್ಡಿ ಇದೆ. ಮೇಲೆ ಕೆಂಪು ಮಸಾರಿ, ಒಂದೂವರೆ ಅಡಿ ಕೆಳಗೆ ಗರಸು. ಎರಡು ಸಲ ಬೋರ್‌ವೆಲ್ ಕೊರೆಸಿದೆ, ಎರಡೂ ಸಲ ಬರೀ ದೂಳು ಬಂತು. ಸಜ್ಜೆ, ಹುರುಳಿ ಬಿಟ್ಟರೆ ಬೇರೇನೂ ಆಗುವುದಿಲ್ಲ. ಮಗಳು ರಷ್ಯಾದ ಟಾಮ್ಸ್ಕ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ರಜೆಗೆ ಬಂದಾಗ ಅಲ್ಲಿಯ ಟೈಗಾ ಎಂಬ, ಚಳಿ ಸೀಮೆಯ ಸೂಜಿ ಎಲೆ ಮರಗಳ ಕಾಡಿನ ಫೋಟೊ ತೋರಿಸಿ, ‘ಅಪ್ಪಾ, ಅಲ್ಲಿಯೂ ವರ್ಷಕ್ಕೆ ನಮ್ಮಷ್ಟೇ ಮಳೆ. ಯಾರೂ ನೀರು ಹಾಕುವುದಿಲ್ಲ. ಆದರೂ ಮರಗಳು ಮುಗಿಲು ಮುಟ್ಟಿವೆ’ ಎಂದಳು. ಸೀಡರ್ ಕಾಯಿಯೊಂದನ್ನೂ ಒಂದು ಚೀಲ ಬೀಜವನ್ನೂ ತಂದಿದ್ದಳು. ನಲವತ್ತು ಬೀಜ ಪಾಲಿಥಿನ್ ಚೀಲಗಳಲ್ಲಿ ಊರಿದೆ. ಎರಡು ತಿಂಗಳಾದರೂ ಒಂದೂ ಮೊಳೆತಿಲ್ಲ. ಈ ನಡುವೆ ಏಜೆಂಟರೊಬ್ಬರು ಬಂದು, ‘ಬ್ಲೂ ಸ್ಪ್ರೂಸ್ ಎಂಬ ಟೈಗಾ ಮರದ ಸಸಿ ಕೊಡುತ್ತೇವೆ. ಸೈಬೀರಿಯಾದಲ್ಲೂ 38 ಡಿಗ್ರಿ ಬಿಸಿಲು ಬಂದಿದೆ, ಈ ಮರ ತಡೆಯುತ್ತದೆ. ಮರಮುಟ್ಟಿನ ಜೊತೆಗೆ, ಮರ ಹೀರಿಡುವ ಇಂಗಾಲದ ಲೆಕ್ಕಕ್ಕೆ ಕಾರ್ಬನ್ ಹಣವೂ ಬರುತ್ತದೆ’ ಎಂದು ಸಾವಿರ ಸಸಿಗೆ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ? ಮಳೆ ಒಂದೇ ಇದ್ದರೆ ಆ ಕಾಡು ಇಲ್ಲಿ ಏಕೆ ಬೆಳೆಯಬಾರದು? ಕಡೆಗೆ ಮಗಳ ಆಸೆಗೆ ಮನೆ ಮುಂದೆ ಒಂದಾದರೂ ಅಂಥ ಮರ ಬೆಳೆಸಬಹುದೇ?

ಉತ್ತರ: ಮೊದಲು ಹಣದ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೆ ಅವಸರವಿದೆ. ಮುಂಗಡ ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳ ಸಸ್ಯಪಾಲನೆಯಲ್ಲಿ ನನ್ನ ಕೆಲಸದ ವರ್ಷಗಳೆಲ್ಲ ಕಳೆದಿವೆ. ಯಾವ ಮರ ಲಾಭ ಕೊಡುತ್ತದೆ ಎಂದು ಕೇಳಿದವರು ನೂರಾರು ಮಂದಿ. ಒಂದೇ ಮಳೆಗೆ ಎರಡು ಬಗೆಯ ನೆಲ ಏಕೆ ಎಂದು ಕೇಳಿದವರು ತೀರ ಕಡಿಮೆ.

ನಿಮ್ಮ ಮಗಳು ಹೇಳಿದ ಲೆಕ್ಕ ಸರಿಯಾಗಿದೆ. ಟಾಮ್ಸ್ಕ್‌ನಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 600 ಮಿ.ಮೀ. ಒಳಗೆ ಬೀಳುತ್ತದೆ. ಕುಷ್ಟಗಿ ಸೀಮೆಯ ಸರಾಸರಿಯೂ 600ರ ಆಸುಪಾಸಿನಲ್ಲೇ ಇದೆ. ಇನ್ನೂ ಪೂರ್ವಕ್ಕೆ ಯಾಕುತ್ಸ್ಕ್ ಕಡೆ ಹೋದರೆ 240 ಮಿ.ಮೀ. ಆಸುಪಾಸು. ಅಂದರೆ ನಮ್ಮಲ್ಲಿ ಬರ ಘೋಷಣೆಯಾಗುವ ವರ್ಷಕ್ಕಿಂತಲೂ ಕಡಿಮೆ. ಆದರೂ ಅಲ್ಲಿ ಕಣ್ಣು ಹರಿಯುವಷ್ಟು ದೂರ ಲಾರ್ಚ್ ಮರಗಳ ಕಾಡಿದೆ.

ಮಗಳು ಓದುತ್ತಿರುವ ಟಾಮ್ಸ್ಕ್ ಪ್ರಾಂತ್ಯದಲ್ಲೇ ವಸ್ಯುಗಾನ್ ಎಂಬ ಜೌಗು ಪ್ರದೇಶದ ಬಹುಪಾಲು ಇದೆ. ಅದರ ವಿಸ್ತಾರ ಸುಮಾರು 53,000 ಚದರ ಕಿಲೋಮೀಟರ್, ನಮ್ಮ ಇಡೀ ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು. ಕುಷ್ಟಗಿಯಷ್ಟೇ ಮಳೆ ಬೀಳುವ ನಾಡಿನಲ್ಲಿ ಜಗತ್ತಿನ ಅತಿ ದೊಡ್ಡ ಜೌಗುಗಳಲ್ಲೊಂದು! ನಿಮ್ಮ ಹೊಲದಲ್ಲಿ ಕೆರೆಯೂ ನಿಲ್ಲದಷ್ಟು ಮಳೆ ಅಲ್ಲಿ ಕಾಲು ಹೂತುಹೋಗುವಷ್ಟು ನೀರಾಗಿ ನಿಂತಿದೆ. ಬಿದ್ದ ನೀರು ಎಷ್ಟು ಎಂಬುದಕ್ಕಿಂತ ಉಳಿದ ನೀರು ಎಷ್ಟು ಎಂಬುದೇ ಮರಕ್ಕೆ ಮುಖ್ಯ. ನಮ್ಮಲ್ಲಿ ಬಿಸಿಲು, ಗಾಳಿ ಸೇರಿ ವರ್ಷವಿಡೀ ಹೀರಬಲ್ಲ ನೀರು ಬೀಳುವ ಮಳೆಯ ಎರಡು ಮೂರು ಪಟ್ಟು. ಅಲ್ಲಿ ಆರು ತಿಂಗಳು ನೆಲದ ಮೇಲೆ ಹಿಮ ಕೂತಿರುತ್ತದೆ, ಆವಿಯಾಗುವ ಮಾತೇ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಹಿಮ ನಿಧಾನವಾಗಿ ಕರಗಿ, ಮರ ಕಣ್ಣು ತೆರೆಯುವ ಹೊತ್ತಿಗೆ ಸರಿಯಾಗಿ ಬೇರಿಗೆ ಇಳಿಯುತ್ತದೆ. ನಮ್ಮಲ್ಲಿ ಉತ್ತರೆ ಮಳೆ ಒಂದು ಸಂಜೆ ಮೂರು ಇಂಚು ಹೊಡೆದು ಮಸಾರಿಯ ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಯಾಕುತ್ಸ್ಕ್ ಕಡೆ ಇನ್ನೊಂದು ಅನುಕೂಲವಿದೆ. ಅಲ್ಲಿ ಕೆಳನೆಲ ಸದಾ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗುವುದರಿಂದ, ಬಿದ್ದ ಅಲ್ಪ ನೀರು ಕೆಳಗೆ ಇಂಗಿ ಹೋಗಲು ದಾರಿಯೇ ಇಲ್ಲ. ಹಾಸುಗಲ್ಲಿನ ಗುಂಡಿಯಲ್ಲಿ ನೀರು ನಿಂತಂತೆ ನಿಂತು ಲಾರ್ಚ್‌ನ ಬೇರಿಗೆ ಸಿಗುತ್ತದೆ.

ಆದ್ದರಿಂದ ‘ಟೈಗಾ ಮರಕ್ಕೆ ನೀರು ಬೇಡ’ ಎಂಬ ಮಾತು ತಪ್ಪು. ಅದಕ್ಕೆ ನೀರು ಬೇಕು. ಆ ನೀರನ್ನು ಕಾದಿಡುವ ಕೆಲಸವನ್ನು ಅಲ್ಲಿ ಚಳಿ ಮಾಡುತ್ತದೆ. ಚಳಿಯನ್ನು ತೆಗೆದು ಮರವನ್ನಷ್ಟೇ ತರುವುದೆಂದರೆ, ಕೆರೆಯನ್ನು ಅಲ್ಲೇ ಬಿಟ್ಟು ಮೀನು ತಂದ ಹಾಗೆ.

ಸೂಜಿಯಂಥ ಎಲೆಯ ಮರ ಬರ ತಡೆಯುತ್ತದೆ ಎಂದು ಇಂಥ ಏಜೆಂಟರು ಹೇಳುವುದುಂಟು, ಅದರಲ್ಲಿ ಅರ್ಧ ಸತ್ಯವಿದೆ. ಆ ಎಲೆ ಒಣ ಹವೆಗೆಂದೇ ರೂಪುಗೊಂಡದ್ದು ನಿಜ. ಮೇಲೆ ದಪ್ಪ ಮೇಣ, ಎಲೆ ಉಸಿರಾಡುವ ಸಣ್ಣ ಕಂಡಿಗಳಾದ ಪತ್ರರಂಧ್ರಗಳು ತಗ್ಗಿನಲ್ಲಿ, ಗಾಳಿಗೆ ಒಡ್ಡಿಕೊಳ್ಳುವ ಮೈ ಕಡಿಮೆ. ಆದರೆ ಅದು ಎದುರಿಸುವುದು ಬೇರೆ ಬಗೆಯ ಬರವನ್ನು. ಜನವರಿಯಲ್ಲಿ ನೆಲದ ನೀರೆಲ್ಲ ಕಲ್ಲಾಗಿದ್ದಾಗ ಬೇರು ಒಂದು ಹನಿಯನ್ನೂ ಎಳೆಯಲಾರದು. ಮೇಲಿನ ಗಾಳಿ ಮಾತ್ರ ಒಣಗಿಸುತ್ತಲೇ ಇರುತ್ತದೆ. ಆ ತಿಂಗಳುಗಳನ್ನು ದಾಟಲು ಸ್ಪ್ರೂಸ್, ಫರ್, ಪೈನ್ ಮರಗಳು ಈ ಎಲೆಯನ್ನು ಇಟ್ಟುಕೊಂಡಿವೆ. ವರ್ಷವರ್ಷವೂ ಹೊಸ ಎಲೆ ತೊಡಲು ಅವುಗಳಿಗೆ ಸಮಯವೂ ಇಲ್ಲ, ಗೊಬ್ಬರವೂ ಇಲ್ಲ. ಬೆಳೆಯಲು ಸಿಗುವುದು ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ನೆಲವೋ ಹುಳಿ ನೆಲ, ಬಿದ್ದ ಎಲೆ ಕೊಳೆಯಲು ವರ್ಷಗಟ್ಟಲೆ ಬೇಕು. ಅದಕ್ಕೇ ಒಮ್ಮೆ ಮಾಡಿದ ಎಲೆಯನ್ನು ಹಲವು ವರ್ಷ ಬಳಸುತ್ತವೆ. ಗೋಪುರದಂಥ ಆಕಾರವೂ ಹಾಗೆಯೇ, ಹಿಮ ಜಾರಿ ಬೀಳಲಿ, ಟೊಂಗೆ ಮುರಿಯದಿರಲಿ ಎಂದು.

ಲಾರ್ಚ್ ಮಾತ್ರ ಬೇರೆ ಹಾದಿ ಹಿಡಿದಿದೆ. ಸೂಜಿ ಎಲೆಯ ಮರವಾದರೂ ಅದು ಶರತ್ಕಾಲದಲ್ಲಿ ಹೊಂಬಣ್ಣಕ್ಕೆ ತಿರುಗಿ ಎಲ್ಲ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಮಗಳು ಸೆಪ್ಟೆಂಬರಿನಲ್ಲಿ ತೆಗೆದ ಫೋಟೊದಲ್ಲಿ ಹಳದಿ ಮರಗಳಿದ್ದರೆ ಅವು ಒಂದೋ ಲಾರ್ಚ್, ಇಲ್ಲವೇ ಬಿಳಿ ತೊಗಟೆಯ ಬರ್ಚ್. ಈ ಬರ್ಚ್ ನಮಗೆ ಪರಕೀಯವಲ್ಲ. ಹಿಂದಿನವರು ಬರೆಯಲು ಬಳಸುತ್ತಿದ್ದ ಭೂರ್ಜಪತ್ರ ಇದೇ ಕುಲದ ಹಿಮಾಲಯದ ಮರದ ತೊಗಟೆ. ಮರಗಳ ಕಾಲಬುಡದಲ್ಲಿ ನೆಲವೆಲ್ಲ ಹಾವಸೆ, ಅದರ ನಡುವೆ ಬೂದುಬಣ್ಣದ ಪೊದೆಯಂಥ ಕಲ್ಲುಹೂವು. ನಮ್ಮ ಮನೆಗಳಲ್ಲಿ ಮಸಾಲೆಗೆ ಹುರಿಯುವ ಕಲ್ಲುಹೂವಿನ ದೂರದ ಬಂಧುವೇ ಅದು. ಅಲ್ಲಿ ಹಿಮಸಾರಂಗಗಳು ಚಳಿಗಾಲದಲ್ಲಿ ಹಿಮ ಕೆದರಿ ಅದನ್ನು ತಿಂದು ಬದುಕುತ್ತವೆ. ಲಿಂಗನ್‌ಬೆರಿ ಎಂಬ ಕೆಂಪು ಹಣ್ಣಿನ ಗಿಡ ಮೊಣಕಾಲೆತ್ತರವೂ ಇರುವುದಿಲ್ಲ, ಚಳಿಗಾಲವಿಡೀ ಹಿಮದ ಹೊದಿಕೆಯ ಕೆಳಗೆ ಹಸಿರಾಗಿಯೇ ಮಲಗಿರುತ್ತದೆ.

ಈಗ ಇಲ್ಲಿ ಏಕೆ ಬೆಳೆಯದು ಎಂಬುದಕ್ಕೆ ಬರೋಣ. ನೀರನ್ನು ಹೇಗೋ ಕೊಡಬಹುದು. ಡ್ರಿಪ್ ಹಾಕಿ, ಹಸಿರು ನೆಟ್ ಕಟ್ಟಿ, ದಿನಕ್ಕೆರಡು ಸಲ ತುಂತುರು ಹಾಯಿಸಿ ಎಂದು ಸಲಹೆ ಕೊಡುವವರಿದ್ದಾರೆ. ಅದರಿಂದ ಹಗಲಿನ ಬಿಸಿ ತುಸು ತಗ್ಗೀತು. ಆದರೆ ಆ ಮರದೊಳಗೆ ಒಂದು ಗಡಿಯಾರವಿದೆ. ಅದನ್ನು ನೆಟ್‌ನಿಂದ ಮೋಸ ಮಾಡಲಾಗದು.

ಟಾಮ್ಸ್ಕ್‌ನಲ್ಲಿ ಜೂನ್ ತಿಂಗಳ ಹಗಲು 17 ಗಂಟೆ ದಾಟುತ್ತದೆ, ಡಿಸೆಂಬರಿನಲ್ಲಿ 7 ಗಂಟೆಗೆ ಇಳಿಯುತ್ತದೆ. ಅಲ್ಲಿಯ ಮರ ಹಗಲು ಕುಗ್ಗುವುದನ್ನು ಅಳೆದು, ಚಳಿ ಬರುವ ಮುನ್ನವೇ ಬೆಳವಣಿಗೆ ನಿಲ್ಲಿಸುತ್ತದೆ, ತುದಿಯಲ್ಲಿ ಗಟ್ಟಿ ಮೊಗ್ಗು ಕಟ್ಟುತ್ತದೆ, ಜೀವಕೋಶಗಳಲ್ಲಿ ಸಕ್ಕರೆ ತುಂಬಿಕೊಳ್ಳುತ್ತದೆ, ನೀರನ್ನು ಕೋಶದ ಹೊರಕ್ಕೆ ಬಿಡುತ್ತದೆ. ಮಂಜುಗಡ್ಡೆ ಕೋಶದ ಹೊರಗೆ ಕಟ್ಟಿಕೊಂಡರೆ ಜೀವ ಉಳಿಯುತ್ತದೆ, ಒಳಗೆ ಕಟ್ಟಿದರೆ ಕೋಶ ಸೀಳಿ ಸಾಯುತ್ತದೆ. ಹೀಗೆ ಹದಗೊಂಡ ಲಾರ್ಚ್ ಶೂನ್ಯಕ್ಕಿಂತ 60 ಡಿಗ್ರಿ ಕೆಳಗಿನ ಚಳಿಯನ್ನೂ ದಾಟುತ್ತದೆ. ಕುಷ್ಟಗಿಯಲ್ಲಿ ವರ್ಷದ ಅತಿ ದೊಡ್ಡ ಹಗಲೇ 13 ಗಂಟೆ. ಆ ಉತ್ತರದ ಸಸಿಯ ಲೆಕ್ಕದಲ್ಲಿ ಅದು ಶರತ್ಕಾಲ. ನಮ್ಮ ಮುಂಗಾರಿನ ತುಂಬು ಹಗಲಲ್ಲಿ ನಿಂತು ಅದು ‘ಚಳಿ ಬರುತ್ತಿದೆ, ಮಲಗಬೇಕು’ ಎಂದು ಮೊಗ್ಗು ಮುಚ್ಚಿಕೊಳ್ಳುತ್ತದೆ. ಸರಿ, ಮಲಗಲಿ ಎಂದರೆ, ಎಚ್ಚರಿಸಲು ವಾರಗಟ್ಟಲೆ ನಿಜವಾದ ತಂಪು ಬೇಕು, ಶೂನ್ಯಕ್ಕೆ ಹತ್ತಿರದ ತಂಪು. ನಮ್ಮ ಸಂಕ್ರಾಂತಿಯ ಚಳಿ ಅದಕ್ಕೆ ಸಾಲದು. ಅರೆನಿದ್ದೆಯಲ್ಲೇ ಸಸಿ ಸೊರಗುತ್ತದೆ.

ಮೂರನೆಯದು ರಾತ್ರಿ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಮರ ಹಗಲು ಗಳಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಆ ಖರ್ಚು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಟೈಗಾದ ಬೇಸಿಗೆಯ ರಾತ್ರಿ ತಂಪು. ನಮ್ಮ ಮೇ ತಿಂಗಳ ರಾತ್ರಿ 25 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ. ಹಗಲಿನ ಬಿಸಿಗೆ ಪತ್ರರಂಧ್ರ ಮುಚ್ಚಿ ಗಳಿಕೆ ನಿಂತಿರುತ್ತದೆ, ರಾತ್ರಿ ಖರ್ಚು ಮಾತ್ರ ನಡೆದೇ ಇರುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿಮಾಲಯದ ದೇವದಾರು ಬೀಜ ತರಿಸಿ, ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಟ್ಟು, ರಾಯಚೂರಿನಲ್ಲಿ ಹನ್ನೆರಡು ಸಸಿ ಎಬ್ಬಿಸಿದ್ದೆ. ನವೆಂಬರಿನಿಂದ ಫೆಬ್ರವರಿವರೆಗೆ ನೋಡಲು ಎಷ್ಟು ಚೆಂದವಿದ್ದವು! ಮಾರ್ಚ್ ಕೊನೆಗೆ ಎಲೆಗಳ ತುದಿ ಕೂದಲೆಳೆಯಷ್ಟು ಕಂದಾಯಿತು. ಮಣ್ಣು ಮುಟ್ಟಿದರೆ ತೇವ ಇತ್ತು. ಆ ಕಂದು ಬಣ್ಣ ದಿನಕ್ಕಿಷ್ಟು ಎಂದು ತುದಿಯಿಂದ ಬುಡಕ್ಕೆ ಇಳಿಯಿತು. ನೀರು ಹೆಚ್ಚಿಸಿದೆ, ನೆರಳಿಗೆ ಸರಿಸಿದೆ, ಕುಂಡದ ಸುತ್ತ ಒದ್ದೆ ಗೋಣಿ ಸುತ್ತಿದೆ. ಒಂಬತ್ತು ಸಸಿ ಮೇ ದಾಟಲಿಲ್ಲ. ಉಳಿದ ಮೂರು ಮಳೆಗಾಲದಲ್ಲಿ ಬೇರು ಕೊಳೆತು ಹೋದವು. ಕಿತ್ತು ನೋಡಿದಾಗ ಹೊಸ ಬಿಳಿ ಬೇರು ಒಂದೂ ಇರಲಿಲ್ಲ. ಮೇಲೆ ಹಸಿರು ಕಾಣುತ್ತಿದ್ದಾಗಲೇ ಕೆಳಗೆ ಅವು ಬದುಕುವುದನ್ನು ಬಿಟ್ಟಿದ್ದವು. ದೇವದಾರು ಟೈಗಾ ಮರಕ್ಕಿಂತ ಎಷ್ಟೋ ಪಾಲು ಬಿಸಿ ಸಹಿಸುವ ಮರ ಎಂಬುದು ನೆನಪಿರಲಿ.

38 ಡಿಗ್ರಿಯ ಮಾತು ಸುಳ್ಳಲ್ಲ. 2020ರ ಜೂನ್ 20ರಂದು ಸೈಬೀರಿಯಾದ ವೆರ್ಖೊಯಾನ್ಸ್ಕ್‌ನಲ್ಲಿ 38 ಡಿಗ್ರಿ ದಾಖಲಾಯಿತು, ಅದನ್ನು ವಿಶ್ವ ಹವಾಮಾನ ಸಂಸ್ಥೆಯೂ ಒಪ್ಪಿದೆ. ಆದರೆ ಅದೇ ಊರಿನಲ್ಲಿ ಶೂನ್ಯಕ್ಕಿಂತ 67.8 ಡಿಗ್ರಿ ಕೆಳಗಿನ ಚಳಿಯೂ ದಾಖಲಾಗಿದೆ. ಕೆಲವು ದಿನದ ಬಿಸಿಯನ್ನು ಬಹಳಷ್ಟು ಮರಗಳು ತಾಳುತ್ತವೆ. ಜ್ವರ ಬಂದ ಮನುಷ್ಯ ಎರಡು ದಿನದಲ್ಲಿ ಎದ್ದು ಕೂರುತ್ತಾನೆ. ವರ್ಷವಿಡೀ ಅದೇ ಜ್ವರದಲ್ಲಿ ಬದುಕು ಎಂದರೆ ಹೇಗೆ?

ಮಣ್ಣಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆ ಮರಗಳ ಬೇರಿಗೆ ಹೆಣೆದುಕೊಂಡು ಬದುಕುವ ಶಿಲೀಂಧ್ರಗಳಿವೆ, ಹುಳಿ ನೆಲದಿಂದ ಪೋಷಕಾಂಶ ಎಳೆದುಕೊಡುವುದು ಅವೇ. ನಮ್ಮ ಸೀಮೆಯ ಎರೆ ನೆಲದಲ್ಲಿ ಸುಣ್ಣದ ಹರಳು ಹೆಚ್ಚು. ಕ್ಷಾರ ಏರಿದಲ್ಲಿ ಕಬ್ಬಿಣಾಂಶ ಸಿಗದೆ ಎಲೆ ಹಳದಿಗೆ ತಿರುಗುತ್ತದೆ. ನಿಮ್ಮ ಮಸಾರಿ ಅಷ್ಟು ಕೆಟ್ಟದ್ದಲ್ಲ, ಆದರೂ ಟೈಗಾದ ನೆಲಕ್ಕೆ ಹತ್ತಿರವೂ ಅಲ್ಲ.

ಇನ್ನು ಮೊಳೆಯದ ಬೀಜ. ಮಗಳು ತಂದದ್ದನ್ನು ರಷ್ಯನ್ನರು ಸೀಡರ್ ಎಂದೇ ಕರೆಯುತ್ತಾರೆ, ಆದರೆ ಅದು ಸೈಬೀರಿಯನ್ ಪೈನ್. ಕಾಯಿಯನ್ನು ಕೈಗೆತ್ತಿಕೊಂಡು ನೋಡಿ. ಮುಷ್ಟಿಯೊಳಗೆ ಹಿಡಿಯುವಷ್ಟು ಗಾತ್ರ, ಹಲ್ಲೆ ಎಂಬ ಗಟ್ಟಿ ಪದರಗಳ ಸಂದಿಯಲ್ಲಿ ಕಡಲೆಗಿಂತ ತುಸು ದೊಡ್ಡ ಬೀಜ, ಬೀಜಕ್ಕೆ ರೆಕ್ಕೆ ಇಲ್ಲ. ಬೇರೆ ಪೈನ್‌ಗಳ ಕಾಯಿ ಒಣಗಿದಾಗ ಹಲ್ಲೆ ಬಿಚ್ಚಿ ರೆಕ್ಕೆಯ ಬೀಜ ಗಾಳಿಗೆ ಬಿಡುತ್ತದೆ. ಇದರ ಕಾಯಿ ಮರದ ಮೇಲೆ ತಾನಾಗಿ ಬಾಯಿಬಿಡುವುದಿಲ್ಲ. ನಟ್‌ಕ್ರ್ಯಾಕರ್ ಎಂಬ ಕಾಗೆ ಜಾತಿಯ ಹಕ್ಕಿ ಅದನ್ನು ಕುಕ್ಕಿ ಬಿಡಿಸಿ, ಚಳಿಗಾಲದ ಬುತ್ತಿಗೆಂದು ಹಾವಸೆಯ ಅಡಿಯಲ್ಲಿ ಹತ್ತಾರು ಕಡೆ ಬಚ್ಚಿಡುತ್ತದೆ. ಅದು ಮತ್ತೆ ಬಂದು ತೆಗೆಯದೆ ಉಳಿದ ಬೀಜವೇ ಮುಂದಿನ ಕಾಡು. ಹಾಗೆ ಹೂತ ಬೀಜ ಒಂದು ಚಳಿಗಾಲವನ್ನಾದರೂ ಒದ್ದೆಯಲ್ಲಿ, ತಂಪಿನಲ್ಲಿ ಕಳೆದ ಮೇಲೆಯೇ ಮೊಳೆಯುವುದು. ನೀವು ಊರಿದ ಬೀಜ ಹುರಿದದ್ದಲ್ಲ, ಜೀವಂತವೇ ಎಂದುಕೊಂಡರೂ ಅದು ಆ ಚಳಿಗಾಲವನ್ನು ಕಾಯುತ್ತಾ ನಿಮ್ಮ ಚೀಲದಲ್ಲಿ ಕೂತಿದೆ. ಫ್ರಿಜ್ಜಿನಲ್ಲಿ ಮೂರು ನಾಲ್ಕು ತಿಂಗಳು ಇಟ್ಟು ಎಬ್ಬಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಬೇಡ.

ಏಕೆಂದರೆ ವಿದೇಶದಿಂದ ಬಿತ್ತನೆಗೆ ಬೀಜ ತರಲು 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿಯೂ, ಆ ದೇಶ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಮಗಳಿಗೆ ಇದು ಗೊತ್ತಿರಲಿಕ್ಕಿಲ್ಲ, ಪ್ರೀತಿಯಿಂದ ತಂದಿದ್ದಾಳೆ, ಬಯ್ಯಬೇಡಿ. ಆದರೆ ಬೀಜದೊಳಗೆ ಕಣ್ಣಿಗೆ ಕಾಣದ ಶಿಲೀಂಧ್ರ, ಕೀಟದ ಮೊಟ್ಟೆ ಇರಬಹುದು. ಚೀಲದಲ್ಲಿ ಊರಿದ ಬೀಜಗಳನ್ನು ಕಾಯಿಯ ಜೊತೆಗೆ ಸುಟ್ಟುಬಿಡಿ, ಆ ಮಣ್ಣನ್ನು ಕುದಿಯುವ ನೀರು ಹೊಯ್ದು ಬಿಸಿಲಿಗೆ ಒಣಗಿಸಿ. ಊರದೆ ಉಳಿದ ಬೀಜವನ್ನು ಹುರಿದು ಮನೆಮಂದಿಯೆಲ್ಲ ತಿನ್ನಿ. ಬಹಳ ರುಚಿ.

ಹೊರಗಿನಿಂದ ಬಂದ ಗಿಡದ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿ ಮಾತನಾಡುವುದಕ್ಕೆ ಕಾರಣ ನಿಮ್ಮ ಹೊಲದ ಬದುವಿನಲ್ಲೇ ಇದೆ. ಬಳ್ಳಾರಿ ಜಾಲಿ. ಅದು ಅಮೆರಿಕ ಖಂಡದ ಮರ. ಒಣನೆಲಕ್ಕೆ ಹಸಿರು, ಬಡವರಿಗೆ ಸೌದೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಒಳ್ಳೆಯ ಉದ್ದೇಶದಿಂದಲೇ ಈ ದೇಶಕ್ಕೆ ತಂದರು. ಇಂದು ಅದಕ್ಕೆ ನಮ್ಮ ಬಳ್ಳಾರಿಯ ಹೆಸರೇ ಅಂಟಿಕೊಂಡಿದೆ. ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲವನ್ನೂ ಮುಚ್ಚಿದೆ. ಸೈಬೀರಿಯನ್ ಪೈನ್ ಹಾಗೆ ಹಬ್ಬಲಾರದು, ನಿಜ. ಅದರ ಜೊತೆ ಬರುವ ರೋಗ ಕೀಟಗಳ ಬಗ್ಗೆ ಆ ಭರವಸೆಯನ್ನು ನಾನು ಕೊಡಲಾರೆ.

ಏಜೆಂಟರ ಮಾತಿಗೆ ಬರುತ್ತೇನೆ. ಬ್ಲೂ ಸ್ಪ್ರೂಸ್ ಟೈಗಾದ ಮರವೇ ಅಲ್ಲ. ಅದರ ತವರು ಅಮೆರಿಕದ ರಾಕಿ ಪರ್ವತಗಳು, ಬಹುಮಟ್ಟಿಗೆ 1,800 ಮೀಟರಿಗಿಂತ ಎತ್ತರದ ತಂಪು ಕಣಿವೆಗಳು. ಚಳಿ ಅದಕ್ಕೂ ಬೇಕು. ಮಾರುವ ಮರದ ಊರೇ ಗೊತ್ತಿಲ್ಲದವರು ಅದರ ಇಳುವರಿ ಹೇಗೆ ಹೇಳುತ್ತಾರೆ? ಕೊಡೈಕೆನಾಲ್‌ನ ಪೈನ್ ತೋಪಿನ ಫೋಟೊ ತೋರಿಸಿ ‘ದಕ್ಷಿಣದಲ್ಲೂ ಬೆಳೆದಿದೆ’ ಎನ್ನುವವರಿದ್ದಾರೆ. ಅದು 2,000 ಮೀಟರಿಗೂ ಮೇಲಿನ ಊರು. ನಮ್ಮ ಇಡೀ ದಕ್ಷಿಣ ಪರ್ಯಾಯ ದ್ವೀಪಕ್ಕೆ ಸ್ವಂತವಾದ ಶಂಕುಧಾರಿ (ಪೈನ್, ಸ್ಪ್ರೂಸ್‌ಗಳ ಗುಂಪಿನ) ಮರ ಒಂದೇ ಜಾತಿ, ಅದೂ ಪಶ್ಚಿಮಘಟ್ಟದ ಒದ್ದೆ ಕಾಡಿನಲ್ಲಿದೆ. ನಿಸರ್ಗವೇ ಇಲ್ಲಿ ಆ ವಂಶವನ್ನು ಬೆಳೆಸಿಲ್ಲ.

ಇನ್ನೊಂದು ಅನುಮಾನವೂ ನನಗಿದೆ. ಸಾವಿರ ಸಸಿ ಬಂದೇ ಬಂದರೆ ಅವು ಸ್ಪ್ರೂಸ್ ಆಗಿರುತ್ತವೆಯೇ? ಗಾಳಿಮರದ ಸಸಿಯನ್ನು ಪೈನ್ ಎಂದು ತಿಳಿದು ಕೊಂಡವರನ್ನು ನೋಡಿದ್ದೇನೆ. ಬೆರಳಿನಲ್ಲೇ ಪರೀಕ್ಷೆ ಮಾಡಬಹುದು. ಸ್ಪ್ರೂಸ್‌ನ ಎಲೆ ಒಂದೊಂದೇ ಸಣ್ಣ ಗೂಟದ ಮೇಲೆ ಕೂತಿರುತ್ತದೆ. ನಾಲ್ಕು ಮೂಲೆಯಿದ್ದು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದರೆ ಉರುಳುತ್ತದೆ. ಫರ್‌ನ ಎಲೆ ಚಪ್ಪಟೆ, ಉರುಳದು. ಪೈನ್‌ನಲ್ಲಿ ಎರಡು, ಮೂರು ಅಥವಾ ಐದು ಎಲೆ ಒಂದೇ ಕಟ್ಟಿನಲ್ಲಿರುತ್ತವೆ, ಮಗಳು ಕಂಡ ಸೈಬೀರಿಯನ್ ಪೈನ್‌ಗೆ ಐದು. ಗಾಳಿಮರದ ‘ಸೂಜಿ’ಯನ್ನು ಎರಡೂ ತುದಿ ಹಿಡಿದು ಎಳೆದರೆ ಬಿದಿರಿನ ಗಣ್ಣಿನಂತೆ ಗಂಟುಗಂಟಾಗಿ ಕಳಚಿಕೊಳ್ಳುತ್ತದೆ. ಅದು ಎಲೆಯಲ್ಲ, ಹಸಿರು ಕಡ್ಡಿ. ನಿಜವಾದ ಎಲೆ ಪ್ರತಿ ಗಂಟಿನ ಸುತ್ತ ಹಲ್ಲಿನಂತೆ ಚಿಕ್ಕದಾಗಿರುತ್ತದೆ, ಬಿಸಿಲಿಗೆ ಹಿಡಿದು ನೋಡಿದರೆ ಕಾಣುತ್ತದೆ.

ಕಾರ್ಬನ್ ಹಣದ ಬಗ್ಗೆ. ಟೈಗಾದಲ್ಲಿ ಅಪಾರ ಇಂಗಾಲ ಉಳಿದಿರುವುದು ನಿಜ, ಆದರೆ ಅದರ ದೊಡ್ಡ ಪಾಲು ಮರದಲ್ಲಿಲ್ಲ, ನೆಲದಲ್ಲಿದೆ. ಚಳಿಗೆ ಕೊಳೆಯದೆ ಸಾವಿರಾರು ವರ್ಷದಿಂದ ಪದರ ಪದರವಾಗಿ ಕೂತ ಹಾವಸೆ, ಎಲೆ, ಬೇರು ಅದು. ನಿಮ್ಮ ಮಡ್ಡಿಯಲ್ಲಿ ಬಿದ್ದ ಎಲೆಯನ್ನು ಗೆದ್ದಲು ಒಂದೇ ಬೇಸಿಗೆಯಲ್ಲಿ ಮುಗಿಸುತ್ತದೆ. ಮರದ ಹೆಸರು ತಂದ ಮಾತ್ರಕ್ಕೆ ಆ ಲೆಕ್ಕ ಇಲ್ಲಿಗೆ ಬರುವುದಿಲ್ಲ. ಯಾರೇ ಆಗಲಿ, ಸಸಿಗೆ ಮುಂಗಡ ಕೇಳಿ ಹತ್ತು ವರ್ಷದ ನಂತರದ ಆದಾಯ ಹೇಳಿದರೆ, ಇದೇ ಮಣ್ಣಿನಲ್ಲಿ ಐದು ವರ್ಷ ದಾಟಿದ ತೋಟವನ್ನು ತೋರಿಸಿ ಎನ್ನಿ. ಶ್ರೀಗಂಧ, ಮಹಾಗನಿ, ಹೆಬ್ಬೇವು ಮಾರುವವರಿಗೂ ಇದೇ ಮಾತು ಕೇಳಿ.

ಹಾಗಾದರೆ ನಾಲ್ಕು ಎಕರೆಗೆ ಏನು? ನೀವು ಕಾಡು ಬೇಕು ಎಂದಿದ್ದೀರಿ. ಕಡಿಮೆ ಮಳೆ, ಬಡ ನೆಲ, ನೀರು ಹಾಕದ ಕಾಡು. ಅಂಥ ಕಾಡು ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ, ದರೋಜಿ ಕರಡಿಧಾಮದ ಬಂಡೆಗಳ ನಡುವೆ ಇದೆ. ಲಾರ್ಚ್ ಚಳಿಗೆ ಎಲೆ ಉದುರಿಸಿ ನಿದ್ದೆ ಹೋಗುವಂತೆ ಇಲ್ಲಿಯ ದಿಂಡಿಗ ಬೇಸಿಗೆಗೆ ಎಲೆ ಉದುರಿಸುತ್ತದೆ. ಬೇವು ಯುಗಾದಿಯ ಉರಿಬಿಸಿಲಿನಲ್ಲಿ, ಮಳೆಗೆ ಎರಡು ತಿಂಗಳಿರುವಾಗಲೇ ಚಿಗುರುತ್ತದೆ. ಅಲ್ಲಿ ಸೀಡರ್ ಬಿತ್ತುವುದಕ್ಕೆ ನಟ್‌ಕ್ರ್ಯಾಕರ್ ಇದ್ದರೆ, ಇಲ್ಲಿ ಬಾರೆ, ಕವಳಿ ಹಣ್ಣು ತಿಂದು ಬೀಜ ಚೆಲ್ಲಲು ಕರಡಿ ಇದೆ.

ನನ್ನ ಆಯ್ಕೆ ಕಮರ. ಎರಡೇ ಚಿಕ್ಕ ಎಲೆ ಬುಡದಲ್ಲಿ ಕೂಡಿಕೊಂಡು ಆಕಳ ಗೊರಸಿನ ಗುರುತಿನಂತೆ ಕಾಣುವ ಮರ. ಗರಸು, ಬಂಡೆ ಸಂದಿ ಎಲ್ಲಿಯಾದರೂ ತಾಯಿಬೇರು ಇಳಿಸುತ್ತದೆ. ಇದರ ಸೊಪ್ಪು ಆಡು, ದನಗಳಿಗೆ ಮೇವು, ನಾರು ಹಗ್ಗಕ್ಕೆ, ಕಟ್ಟಿಗೆ ನೀರಿನಲ್ಲಿ ಮುಳುಗುವಷ್ಟು ಭಾರ. ಹಿಂದೆ ಬಂಡಿ, ಕೃಷಿ ಉಪಕರಣಗಳಿಗೆ ಹುಡುಕಿ ತರುತ್ತಿದ್ದ ಮರವಿದು. ಅಪಾಯವನ್ನೂ ಹೇಳಬೇಕು. ಮೊದಲ ಕೆಲವು ವರ್ಷ ಮೇಲೆ ಬೆಳೆಯುವುದೇ ಕಾಣುವುದಿಲ್ಲ, ಎಲ್ಲ ಶಕ್ತಿ ಬೇರಿಗೆ ಹೋಗುತ್ತದೆ. ಆ ಅವಧಿಯಲ್ಲಿ ಆಡು ಕಚ್ಚಿದರೆ ಮುಗಿಯಿತು. ಬೇಲಿ ಇಲ್ಲದೆ ಕಮರ ನೆಡಬೇಡಿ. ಆದಾಯ ನಿಮಗಿಂತ ಮೊಮ್ಮಕ್ಕಳಿಗೆ ಹೆಚ್ಚು. ಅದಕ್ಕೇ ಜೊತೆಗೆ ಸಾಲು ಬಿಟ್ಟು ಸೀತಾಫಲ, ಬಾರೆ ಹಾಕಿ. ಅವು ಮೂರು ನಾಲ್ಕನೆಯ ವರ್ಷದಿಂದ ಏನಾದರೂ ಕೊಡುತ್ತವೆ. ತಗ್ಗಿನಲ್ಲಿ ಮಣ್ಣು ಕೂಡುವ ಕಡೆ ಹುಣಸೆ, ಮರದಿಂದ ಮರಕ್ಕೆ ಹತ್ತು ಮೀಟರ್ ಅಂತರವಿರಲಿ. ಬದುವಿಗೆ ಬೇವು. ಬೇವಿನ ಬೀಜವನ್ನು ಮಾತ್ರ ಕೂಡಿಡಬೇಡಿ. ಹಣ್ಣು ಬಿದ್ದ ಎರಡು ಮೂರು ವಾರದಲ್ಲೇ ಅದು ಜೀವ ಕಳೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಮೊದಲು ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡಿ, ತೆಗೆದ ಮಣ್ಣನ್ನು ಕೆಳಬದಿಗೆ ಏರಿಯಾಗಿ ಹಾಕಿ. ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಈ ಕಂದಕ ಮಾಡಬೇಕು. ಓಡುವ ನೀರನ್ನು ತಡೆದು, ನಿಧಾನವಾಗಿ ಬೇರಿಗೆ ಕೊಡಬೇಕು. ಉದ್ಯೋಗ ಖಾತರಿಯಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿಗಳು ಕಡಿಮೆ ದರಕ್ಕೆ ಸಿಗುತ್ತವೆ, ಬದುಕುಳಿದ ಸಸಿಗಳಿಗೆ ಮೊದಲ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಪಹಣಿ ಹಿಡಿದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ.

ಮಗಳ ಆಸೆಗೆ ಮನೆ ಮುಂದೆ ಒಂದು ಮರ, ಅದು ಸಾಧ್ಯ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಟ್ರೀ ಎಂದು ಮಾರುವ ಅರೊಕೇರಿಯ ತನ್ನಿ. ಶಂಕುಧಾರಿಯೇ, ಆದರೆ ಪೆಸಿಫಿಕ್ ಸಾಗರದ ದ್ವೀಪಗಳ ಕಡೆಯದು, ಹಿಮ ಬೇಕಿಲ್ಲ. ಮಧ್ಯಾಹ್ನದ ನಂತರ ಗೋಡೆಯ ನೆರಳು ಬೀಳುವ ಪೂರ್ವದ ಬದಿಯಲ್ಲಿ ನೆಡಿ, ಮೊದಲ ಮೂರು ಬೇಸಿಗೆ ತಪ್ಪದೆ ನೀರು ಹಾಕಿ, ಬುಡಕ್ಕೆ ಒಣಹುಲ್ಲು ಹೊದಿಸಿ. ತುದಿ ಚಿಗುರು ಒಂದು ಸಲ ಮುರಿದರೆ ಆ ಗೋಪುರದ ಆಕಾರ ಮತ್ತೆ ಬರುವುದು ಕಷ್ಟ. ಕರುಗಳಿಂದ ಕಾಪಾಡಿ. ಮೇ ತಿಂಗಳಲ್ಲಿ ಎಲೆತುದಿ ತುಸು ಸುಟ್ಟರೆ ಹೆದರಬೇಡಿ, ಮಳೆಗೆ ಚೇತರಿಸಿಕೊಳ್ಳುತ್ತದೆ.

ಕಮರದ ಕಾಯಿ ಏಪ್ರಿಲ್, ಮೇ ತಿಂಗಳಲ್ಲಿ ಉದುರುತ್ತದೆ. ಕಾಗದದಂಥ ಚಪ್ಪಟೆ ಕಾಯಿ, ತುದಿಯಲ್ಲಿ ಒಂದೇ ಬೀಜ. ಹಳೆಯ ಮರವೊಂದನ್ನು ಈಗಲೇ ಗುರುತಿಟ್ಟುಕೊಂಡು, ಅದರ ಮಾಲೀಕರನ್ನು ಕೇಳಿ ಆರಿಸಿ ತನ್ನಿ. ಚೀಲದಲ್ಲಿ ಬೆಳೆಸಿದರೆ ತಾಯಿಬೇರು ಸುರುಳಿ ಸುತ್ತಿ ಕೆಡುತ್ತದೆ. ಮೊದಲ ಹದಮಳೆಗೆ ಕಂದಕದ ಏರಿಯ ಮೇಲೆ, ಗುಣಿಗೆ ಮೂರರಂತೆ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ನೇರವಾಗಿ ಊರಿ.